ಪೆರ್ಲಾ ತಿಂದ ಚರಟ

ಆ ವರ್ಷ ಸಿನ್ನೇವಾಳ ಮನೆಯ ದಕ್ಷಿಣದ ಗೋಡೆಯ ಮೇಲೆ, ಬಿಯರಿಗೆ ಕಹಿ ಕೊಡುವ ಹೂ ಬಿಡುವ ಹಾಪ್ಸ್ ಬಳ್ಳಿ ಸೂರಿನವರೆಗೂ ಹತ್ತಿ, ಮುಂದೆ ಹಿಡಿದುಕೊಳ್ಳಲು ಏನೂ ಸಿಗದೆ, ತನ್ನ ಮೈಗೆ ತಾನೇ ಸುತ್ತಿಕೊಂಡು ಕೆಳಗೆ ಜೋತುಬಿದ್ದಿತ್ತು. ಹಿಂದಿನ ಎರಡು ಬೇಸಿಗೆಯಲ್ಲಿ ಬೊಗಸೆಯಷ್ಟು ಹೂವೂ ಬಿಟ್ಟಿರಲಿಲ್ಲ. ಈ ಸಲ ಅವಳೂ ಗಂಡ ಟೋರ್ಲೇವನೂ ಏಣಿ ಹಾಕಿ ಬಳ್ಳಿ ಇಳಿಸಿ, ಅಂಗಳದಲ್ಲಿ ಕುಳಿತು ದಿನವೆಲ್ಲ ಹೂ ಬಿಡಿಸಿದರು. ಬೆರಳುಗಳಿಗೆ ಹಳದಿ ಪುಡಿ ಮೆತ್ತಿ, ಸೋಪಿಗೂ ಜಗ್ಗದ ಕಹಿ ಅಂಟಿಕೊಂಡಿತು. ಅಟ್ಟದ ಮೇಲೆ ಬಲೆ ಕಟ್ಟಿ ಒಣಗಿಸಿದರು.

ಅದು ಅವಳ ತವರಿನ ಬಳ್ಳಿ. ಇಳಿಜಾರಿನ ಮೇಲ್ತುದಿಯಲ್ಲಿರುವ ಹೌಗೆ ಎಂಬ ಹೊಲಮನೆಯಲ್ಲಿ, ಹಳೆಯ ಒಲೆಮನೆಯ ಗೋಡೆಗೆ ಅದು ಯಾರ ಕಾಲದಲ್ಲಿ ಬಂತೋ ಹೇಳುವವರಿರಲಿಲ್ಲ. ನಮ್ಮ ವೊಸ್ ಸೀಮೆಯಲ್ಲಿ ಬಿಯರ್ ಕುದಿಸುವ ಮನೆಗಳಿಗೆಲ್ಲ ಒಂದೊಂದು ಬಳ್ಳಿ ಇರುತ್ತಿತ್ತು. ಹೌಗೆಯವರದು ಸ್ವಲ್ಪ ಒರಟು, ಸ್ವಲ್ಪ ಹೆಚ್ಚು ಕಹಿ ಎಂದು ಹೆಸರಾಗಿತ್ತು. ಹಿರಿಯಳಾದ ಸಿನ್ನೇವಾಳಿಗೇ ಹೊಲಮನೆಯ ಮೊದಲ ಹಕ್ಕು. ಆದರೆ ಕುರಿಗಳೆಂದರೆ ಜೀವ ಬಿಡುವವನು ತಮ್ಮ ಅಸ್ಲಾಕ್. ಅವಳು ಹಕ್ಕು ಬಿಟ್ಟುಕೊಟ್ಟು, ಇಳಿಜಾರಿನ ಕೆಳಗೆ ಒಂದು ಮನೆಗಾಗುವಷ್ಟು ಜಾಗ ಮಾತ್ರ ಕೇಳಿಕೊಂಡಳು. ಶಾಲಾ ಬಸ್ ಓಡಿಸಿಕೊಂಡು ನೆಮ್ಮದಿಯಾಗಿದ್ದಳು.

ನಾಲ್ಕು ವಸಂತಗಳ ಹಿಂದೆ ಅಸ್ಲಾಕ್ ಟ್ರ್ಯಾಕ್ಟರಿಗೆ ಶೆಡ್ ಕಟ್ಟಲು ಹೊರಟ. ಹಳೆಯ ಒಲೆಮನೆ ಬೀಳಿಸಿದ. ಅಡುಗೆಮನೆಯ ಕಿಟಕಿಯಿಂದ ಮಣ್ಣು ಅಗೆಯುವ ಯಂತ್ರದ ಹಳದಿ ತೋಳು ಕಂಡ ಸಿನ್ನೇವಾ, ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಓಡಿದಳು. ಅವಳು ಹೋಗುವಷ್ಟರಲ್ಲಿ ಗೋಡೆಯಿದ್ದ ಕಡೆ ಗುಂಡಿಯಿತ್ತು.

"ಬಳ್ಳಿ ಎಲ್ಲೋ?"

"ಆ ಮಣ್ಣಿನ ರಾಶಿಲಿ ಎಲ್ಲೋ ಇರುತ್ತೆ. ಬೇಕಿದ್ರೆ ಹುಡುಕ್ಕೋ," ಎಂದು ಅವನು ಯಂತ್ರದಿಂದ ಇಳಿಯದೇ ಹೇಳಿದ.

ಅವಳು ಬರಿಗೈಯಲ್ಲಿ ಹುಡುಕಿದಳು. ಬೆರಳು ಗಾತ್ರದ ಬೇರಿನ ತುಂಡುಗಳನ್ನು ಆರಿಸಿ, ಕೈಗಾಡಿಯಲ್ಲಿ ಹಾಕಿಕೊಂಡು ಇಳಿದು, ತನ್ನ ಮನೆಯ ಗೋಡೆಯ ಬುಡದಲ್ಲಿ ನೆಟ್ಟಳು. ಆಮೇಲೆ ಅಕ್ಕ ತಮ್ಮ ಮಾತಾಡಲಿಲ್ಲ. ಎದುರುಬದುರು ಗಾಡಿ ಬಂದರೆ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುವುದು ಇಲ್ಲಿ ಹಗೆಗಳ ನಡುವೆಯೂ ಇರುವ ಮರ್ಯಾದೆ. ಅವರು ಅದನ್ನೂ ಎತ್ತುತ್ತಿರಲಿಲ್ಲ.

ಈ ಮುನಿಸಿಗೆ ಸೊಪ್ಪು ಹಾಕದವಳು ಪೆರ್ಲಾ ಒಬ್ಬಳೇ. ಅಸ್ಲಾಕನ ಕುರಿ ಕಾಯುವ ನಾಯಿ, ಕಪ್ಪು ಬಿಳಿ ಹೆಣ್ಣು, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚು. ಕೆಲಸವಿಲ್ಲದ ದಿನ ಬೇಲಿ ನುಸುಳಿ ಇಳಿದು ಬಂದು, ಸಿನ್ನೇವಾಳ ಮೆಟ್ಟಿಲ ಮೇಲೆ ಮಲಗುತ್ತಿದ್ದಳು. ಸಂಜೆ ಮೇಲಿಂದ ಸಿಳ್ಳೆ ಕೇಳಿದರೆ ಎದ್ದು ಹೋಗುತ್ತಿದ್ದಳು. ಅವಳಿಲ್ಲದೆ ಅಸ್ಲಾಕನಿಗೆ ಬೆಟ್ಟದ ಮೇಲಿನ ಕುರಿಗಳನ್ನು ಇಳಿಸಲು ಸಾಧ್ಯವೇ ಇರಲಿಲ್ಲ.

ಅಕ್ಟೋಬರಿನ ಒಂದು ಶನಿವಾರ ಸಿನ್ನೇವಾ ಬಿಯರ್ ಕುದಿಸಿದಳು. ಕ್ರಿಸ್ಮಸ್ಸಿಗೆ ಎಂದು ಎಲ್ಲರೂ ತಡವಾಗಿ ಕುದಿಸುತ್ತಾರೆ. ತನ್ನ ಗೋಡೆಯ ಹಾಪ್ಸ್ ಕೈಯಲ್ಲಿರುವಾಗ ಅವಳಿಗೆ ಅಷ್ಟು ಕಾಯಲಾಗಲಿಲ್ಲ. ಬೆಳಗಿನ ಜಾವವೇ ಟೋರ್ಲೇವ್ ಒಲೆ ಹೊತ್ತಿಸಿ, ತಾಮ್ರದ ಹಂಡೆಯಲ್ಲಿ ಘಮಕ್ಕೆಂದು ಜುನಿಪರ್ ಪೊದೆಯ ಕೊಂಬೆ ಹಾಕಿದ ನೀರು ಕಾಯಿಸಿದ. ಮೊಳಕೆ ಕಟ್ಟಿದ ಬಾರ್ಲಿಯ ಮೇಲೆ ಅದನ್ನು ಹೊಯ್ದು, ಇಳಿದ ಸಿಹಿ ರಸವನ್ನು ಮತ್ತೆ ಹಂಡೆಗೆ ತುಂಬಿ, ಬಟ್ಟೆಯ ಚೀಲದಲ್ಲಿ ಹಾಪ್ಸ್ ಕಟ್ಟಿ ಇಳಿಬಿಟ್ಟು, ಗಂಟೆಗಟ್ಟಲೆ ಕುದಿಸಿದರು. ಸಿನ್ನೇವಾ ಒಂದು ಚಮಚ ಕುಡಿದು ಕಣ್ಣು ಮುಚ್ಚಿದಳು.

"ಹೆಂಗಿದೆ?" ಎಂದ ಟೋರ್ಲೇವ್.

"ಅಪ್ಪನ ಮೀಸೆ ಥರ."

"ಅಂದ್ರೆ ನಿಮ್ಮಪ್ಪನ ಮೀಸೆ ನೆಕ್ಕಿ ನೋಡಿದ್ದೀಯಾ?"

"ಮುಚ್ಚು ಬಾಯಿ. ಕ್ಯಾನ್ ತಗೊಂಬಾ."

ಕುದಿಯುವ ರಸವನ್ನು ಹಾಲಿನ ಕ್ಯಾನುಗಳಿಗೆ ತುಂಬಿ, ಹೊರಗಿನ ಕಲ್ಲು ತೊಟ್ಟಿಯಲ್ಲಿ ಇಟ್ಟರು. ತೊಟ್ಟಿಗೆ ಮೇಲಿನ ತೊರೆಯ ನೀರು ಕೊಳವೆಯಲ್ಲಿ ಬಂದು ಬಿದ್ದು ಇನ್ನೊಂದು ಕಡೆ ಹರಿದುಹೋಗುತ್ತದೆ. ಹುದುಗಲು ಹೆಪ್ಪು ಹಾಕಬಹುದಾದಷ್ಟು ಉಗುರುಬೆಚ್ಚಗಾಗುವವರೆಗೆ ರಸ ಅಲ್ಲೇ ಆರಬೇಕು. ಹಾಪ್ಸ್ ಚೀಲವನ್ನು ಸಿನ್ನೇವಾ ಹಂಡೆಯಿಂದ ಎತ್ತಿ, ಬಾಗಿಲ ಹೊರಗೆ ಬಾರ್ಲಿ ಚರಟ ತುಂಬಿದ್ದ ಬಾನಿಯ ಮೇಲೆ ಸೋರಲು ಬಿಟ್ಟಳು. ಆಮೇಲೆ ಇಬ್ಬರೂ ಒಳಗೆ ಹೋಗಿ, ಹಸಿದಿದ್ದವರು, ಬೇಯಿಸಿದ ಕುರಿಮಾಂಸವನ್ನು ಆಲೂಗಡ್ಡೆಯ ಜೊತೆ ತಿಂದು, ಕುರ್ಚಿಯಲ್ಲೇ ಸ್ವಲ್ಪ ಕಣ್ಣು ಮುಚ್ಚಿದರು.

ಹೊರಗೆ ಬಂದಾಗ ಪೆರ್ಲಾ ಅಂಗಳದಲ್ಲಿ ಸುತ್ತುತ್ತಿದ್ದಳು.

ಮೊದಲು ಸಿನ್ನೇವಾಳಿಗೆ ನಗು ಬಂತು, ಯಾವುದೋ ಇಲಿಯ ಹಿಂದೆ ಬಿದ್ದಿದ್ದಾಳೆ ಎಂದು. ಆಮೇಲೆ ನಾಯಿ ಮಲಗಿತು, ಎದ್ದಿತು, ಮತ್ತೆ ಮಲಗಿತು. ಹಿಮಗಾಳಿ ಬೀಸುವ ದಿನದಲ್ಲಿ ಅದು ಬೇಸಿಗೆಯಲ್ಲಿ ಓಡಿ ಬಂದಂತೆ ಏದುಸಿರು ಬಿಡುತ್ತಿತ್ತು. ನಾಲಿಗೆ ಉದ್ದಕ್ಕೆ ಜೋತುಬಿದ್ದು, ಕೆಂಪು ಹೋಗಿ ಕಂದುಬಣ್ಣಕ್ಕೆ ತಿರುಗಿತ್ತು. ಸಿನ್ನೇವಾ ಹತ್ತಿರ ಹೋಗಿ ಅದರ ಹೊಟ್ಟೆಯ ಕೆಳಗೆ ಕೈಯಿಟ್ಟಳು. ಬಿಸಿ ಒಲೆಯ ಕಲ್ಲು ಮುಟ್ಟಿದ ಹಾಗಾಯಿತು.

"ಟೋರ್ಲೇವ್! ಇದ್ಯಾಕೋ ಸರಿ ಇಲ್ಲ."

ಅವನು ಬಾನಿಯ ಹತ್ತಿರ ನಿಂತಿದ್ದ. ಕೈಯಲ್ಲಿ ಹರಿದ ಬಟ್ಟೆಯ ಚೀಲ. ಬಾರ್ಲಿಯ ಸಿಹಿಗೆ ಬಂದ ನಾಯಿ ಮೇಲಿದ್ದ ಚೀಲವನ್ನೂ ಸೀಳಿ, ಒಳಗಿನದನ್ನೂ ಅರ್ಧಕ್ಕಿಂತ ಹೆಚ್ಚು ತಿಂದುಬಿಟ್ಟಿತ್ತು.

ಪಶುವೈದ್ಯೆ ಹಿಲ್ಡೆಗುನ್ ಫೋನೆತ್ತಿದಾಗ ಹಿಂದೆ ಹಸುವೊಂದು ಕೂಗುವ ಸದ್ದು ಕೇಳಿತು. ಯಾರೋ ಅವಳ ಕಿವಿಯ ಹತ್ತಿರ ಫೋನ್ ಹಿಡಿದಿದ್ದರು.

"ಬೇಗ ಹೇಳಿ, ಸಿನ್ನೇವಾ. ನನ್ನ ಕೈ ಭುಜದವರೆಗೂ ಹಸುವಿನ ಒಳಗಿದೆ, ಕರು ಅಡ್ಡ ಬಿದ್ದಿದೆ."

"ಅಸ್ಲಾಕನ ನಾಯಿ. ಮೈ ಸುಡ್ತಿದೆ, ಉಸಿರು ನಿಲ್ತಾನೇ ಇಲ್ಲ. ಬಿಯರ್ ಚರಟ ತಿಂದಿದೆ."

"ಬರೀ ಬಾರ್ಲಿನಾ, ಹಾಪ್ಸೂ ಇತ್ತಾ?"

"ಹಾಪ್ಸ್ ಚೀಲಾನೇ ಹರಿದಿದೆ."

ಆ ಕಡೆ ಫೋನನ್ನು ಇನ್ನೂ ಹತ್ತಿರ ಹಿಡಿಯಲು ಅವಳು ಯಾರಿಗೋ ಹೇಳಿದ್ದು ಕೇಳಿಸಿತು.

"ಕೇಳಿಸ್ಕೊಳ್ಳಿ," ಎಂದಳು ಹಿಲ್ಡೆಗುನ್, ಧ್ವನಿ ಬದಲಾಗಿತ್ತು. "ನಾಯಿಗೆ ಹಾಪ್ಸ್ ವಿಷ. ಮೈ ಒಳಗಿಂದ ಕುದಿಯೋಕೆ ಶುರುವಾಗುತ್ತೆ. ಇದು ಜ್ವರ ಅಲ್ಲ, ಮಾತ್ರೆ ಗೀತ್ರೆ ಏನೂ ಕೊಡ್ಬೇಡಿ. ವಾಂತಿ ಮಾಡಿಸೋಕೂ ಹೋಗ್ಬೇಡಿ, ಅಷ್ಟು ಏದುಸಿರು ಇರುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ತಣ್ಣೀರಲ್ಲಿ ಹಾಕಿ. ಹರಿಯೋ ನೀರು. ಈಗಲೇ."

"ಕಾರಲ್ಲಿ ಹಾಕ್ಕೊಂಡು ನಾವೇ ಬಂದ್ರೆ?"

"ದಾರಿಲೇ ಹೋಗ್ಬಿಡ್ತಾಳೆ. ಮೊದಲು ತಣಿಸಿ. ಥರ್ಮಾಮೀಟರ್ ಇಟ್ಟು ನೋಡ್ತಾ ಇರಿ, ಮೂವತ್ತೊಂಬತ್ತೂವರೆ ಡಿಗ್ರಿಗೆ ಬಂದ ತಕ್ಷಣ ನೀರಿಂದ ತೆಗೀರಿ, ಇಲ್ಲಾಂದ್ರೆ ಮೈ ತೀರಾ ತಣ್ಣಗಾಗಿ ಬಿದ್ದುಹೋಗ್ತಾಳೆ. ಈ ಕರು ಹೊರಗೆ ಬಂದ ಕೂಡ್ಲೇ ಹೊರಡ್ತೀನಿ. ಅಸ್ಲಾಕಗೆ ಗೊತ್ತಾ?"

"ಇಲ್ಲ."

"ಹೇಳಿ."

ತೊಟ್ಟಿಯ ತುಂಬ ಕ್ಯಾನುಗಳಿದ್ದವು. ಸಿನ್ನೇವಾ ಮೊದಲನೆಯದನ್ನು ಹಿಡಿಕೆ ಹಿಡಿದು ಎಳೆದಳು. "ಅದು ಇನ್ನೂ ಸುಡ್ತಿದೆ ಕಣೇ, ಕಾಲ ಮೇಲೆ ಚೆಲ್ಕೊಂಡೀಯ," ಎಂದು ಟೋರ್ಲೇವ್ ಓಡಿಬಂದ. ಇಬ್ಬರೂ ಸೇರಿ ಒಂದೊಂದನ್ನೇ ಎತ್ತಿ ಹುಲ್ಲಿನ ಮೇಲೆ ಇಟ್ಟರು. ಒಂದು ಉರುಳಿ, ಕಂದು ರಸ ಹಬೆಯಾಡುತ್ತ ಹುಲ್ಲಿನಲ್ಲಿ ಹರಿದುಹೋಯಿತು. ಯಾರೂ ತಿರುಗಿ ನೋಡಲಿಲ್ಲ. ಪೆರ್ಲಾಳನ್ನು ಎತ್ತಿ ನೀರಿಗೆ ಇಳಿಸಿದಾಗ ಅವಳು ಒದ್ದಾಡಲೂ ಇಲ್ಲ. ಕುರಿಗಳ ಮುಂದೆ ತುಪಾಕಿಯ ಗುಂಡಿನ ಹಾಗೆ ಹಾರುವ ನಾಯಿ, ಒದ್ದೆ ಹೊದಿಕೆಯ ಹಾಗೆ ಅವರ ಕೈಯಲ್ಲಿ ಬಿದ್ದುಕೊಂಡಿತು.

"ನೀನು ಹಿಡ್ಕೋ," ಎಂದು ಸಿನ್ನೇವಾ ಗಂಡನ ಜೇಬಿನಿಂದ ಅವನ ಫೋನ್ ತೆಗೆದುಕೊಂಡಳು. ತನ್ನ ಹೆಸರು ಕಂಡರೆ ಅಸ್ಲಾಕ್ ಎತ್ತುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಏನ್ ಟೋರ್ಲೇವ್?"

"ಟೋರ್ಲೇವ್ ಅಲ್ಲ, ನಾನು. ಫೋನ್ ಇಡ್ಬೇಡ. ಪೆರ್ಲಾ ಸಾಯೋ ಹಾಗಿದಾಳೆ. ಕುರಿಗೆ ಇಡೋ ಥರ್ಮಾಮೀಟರ್ ತಗೊಂಡು ಬಾ."

ಫೋನಿನಲ್ಲಿ ಕುರ್ಚಿ ಬಿದ್ದ ಸದ್ದು ಕೇಳಿಸಿತು.

ನಾಲ್ಕು ಚಕ್ರದ ಗುಡ್ಡದ ಬೈಕನ್ನು ಅವನು ರಸ್ತೆಯಲ್ಲಿ ತರಲಿಲ್ಲ. ಹುಲ್ಲುಗಾವಲಿನ ನಡುವೆ ನೇರ ಇಳಿಸಿ, ಬೇಲಿಯ ಮುಂದೆ ಬಿಟ್ಟು, ಬೇಲಿ ಹಾರಿ ಬಂದ. ಕಾಲಲ್ಲಿ ಮನೆಯೊಳಗೆ ಹಾಕುವ ಉಣ್ಣೆ ಕಾಲುಚೀಲ ಮಾತ್ರ. ಅಕ್ಕನ ಅಂಗಳಕ್ಕೆ ಅವನು ಕಾಲಿಟ್ಟು ನಾಲ್ಕು ವರ್ಷವಾಗುತ್ತ ಬಂದಿತ್ತು. ತೊಟ್ಟಿಯ ಪಕ್ಕ ಮಂಡಿಯೂರಿ, ಥರ್ಮಾಮೀಟರ್ ಇಟ್ಟ. ಮೂವರೂ ಅದನ್ನೇ ನೋಡುತ್ತ ನಿಂತರು.

"ನಲವತ್ತೊಂದು ಪಾಯಿಂಟ್ ಒಂಬತ್ತು," ಎಂದ ಅಸ್ಲಾಕ್. ಕುರಿಗಾದರೂ ನಾಯಿಗಾದರೂ ಅಷ್ಟು ಕಾವು ಜೀವ ತೆಗೆಯುವಂಥದ್ದು ಎಂಬುದು ಅವನಿಗೆ ಗೊತ್ತಿತ್ತು. "ಏನ್ ತಿಂದ್ಲು?"

"ಹಾಪ್ಸ್ ಚರಟ."

ಅವನು ಹರಿದ ಚೀಲವನ್ನೂ, ಬಾನಿಯನ್ನೂ, ಗೋಡೆಯ ಮೇಲೆ ಉಳಿದಿದ್ದ ಹಳದಿಗಟ್ಟಿದ ಬಳ್ಳಿಯ ಮೋಟನ್ನೂ ನೋಡಿದ. ಆಮೇಲೆ ಅಕ್ಕನ ಮುಖ ನೋಡಿದ.

"ನೀನೇ ಇಟ್ಟೆಯಾ?"

"ಏನು?"

"ಆ ಚೀಲ. ಅವಳಿಗೆ ಎಟುಕೋ ಹಾಗೆ ನೀನೇ ಇಟ್ಟೆಯಾ ಅಂತ ಕೇಳ್ತಿದೀನಿ."

"ಅಸ್ಲಾಕ್, ನಾಲಿಗೆ ಬಿಗಿ ಹಿಡಿ," ಎಂದ ಟೋರ್ಲೇವ್. ಮೃದು ಮಾತಿನ ಮನುಷ್ಯ. ಆ ಧ್ವನಿ ಅವನದು ಎಂದು ಅವನಿಗೇ ಅನಿಸಿರಲಿಕ್ಕಿಲ್ಲ.

ಸಿನ್ನೇವಾ ನಾಯಿಯ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿದಿದ್ದಳು. "ಹೌದು, ನಾನೇ ಇಟ್ಟೆ. ವಿಷ ಅಂತ ಗೊತ್ತಿರ್ಲಿಲ್ಲ. ಬೈಬೇಕಾದ್ರೆ ಬೈತಾ ಇರು, ಕೈ ಮಾತ್ರ ನಿಲ್ಲಿಸ್ಬೇಡ. ತೊಡೆ ಒಳಗೆ ನೀರು ಹಾಕು, ಅಲ್ಲಿ ಕೂದಲು ಕಮ್ಮಿ."

ಅವನು ಬೊಗಸೆಯಲ್ಲಿ ನೀರೆತ್ತಿ ಹಾಕತೊಡಗಿದ. ಹಿಮ ಕರಗಿ ಬಂದ ನೀರು. ಬೆರಳುಗಳು ಕೂಡಲೇ ಕೆಂಪಾಗಿ ಜೋಮು ಹಿಡಿದವು.

"ಅಪ್ಪ ಚರಟಾನ ಒಲೆಗೆ ಹಾಕ್ತಿದ್ದ," ಎಂದ ಸ್ವಲ್ಪ ಹೊತ್ತಿನ ಮೇಲೆ. "ಪ್ರತಿ ಸಲ. ನೀನು ನೋಡಿಲ್ವಾ?"

"ನೋಡಿದೀನಿ. ಯಾಕೆ ಅಂತ ನಿಂಗೆ ಹೇಳಿದ್ನಾ?"

"ಇಲ್ಲ."

"ನಂಗೂ ಹೇಳ್ಲಿಲ್ಲ."

ಟೋರ್ಲೇವ್ ಅಟ್ಟಕ್ಕೆ ಹೋಗಿ, ಹಾಪ್ಸ್ ಒಣಗಿಸಲು ಇಟ್ಟಿದ್ದ ಫ್ಯಾನನ್ನು ಉದ್ದನೆಯ ವೈರು ಎಳೆದು ತಂದ. ಒದ್ದೆ ಮೈಗೆ ಗಾಳಿ ಬಡಿದರೆ ಬೇಗ ತಣಿಯುತ್ತದೆ ಎಂಬುದು ಅವನ ಲೆಕ್ಕ. ಅಸ್ಲಾಕ್ ಮತ್ತೆ ಥರ್ಮಾಮೀಟರ್ ನೋಡಿದ. ನಲವತ್ತೆರಡು ಮೂರು. ಏರುತ್ತಲೇ ಇತ್ತು.

ಆಗ ಪೆರ್ಲಾಳ ಕುತ್ತಿಗೆ ಹಿಂದಕ್ಕೆ ಸೆಟೆಯಿತು. ನಾಲ್ಕು ಕಾಲೂ ಮರದ ಕೊರಡಿನ ಹಾಗೆ ಬಿಗಿದು, ಹಲ್ಲು ಕಚ್ಚಿಕೊಂಡು, ಮೈಯೆಲ್ಲ ಅದುರತೊಡಗಿತು. ಕಣ್ಣಿನ ಬಿಳಿ ಮಾತ್ರ ಕಾಣುತ್ತಿತ್ತು. ಮೂಗು ನೀರಿಗೆ ಹೋಗದಂತೆ ಸಿನ್ನೇವಾ ಬಟ್ಟೆಯ ಸಮೇತ ತೊಟ್ಟಿಯೊಳಗೆ ಕಾಲಿಟ್ಟು, ಸೊಂಟದವರೆಗಿನ ನೀರಿನಲ್ಲಿ ಕುಳಿತು, ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದಳು. ಉಗುರುಗಳು ಅವಳ ಮುಂಗೈ ಸೀಳಿದವು. ಅದುರುವುದು ನಿಂತಿತು, ಒಂದು ಗಳಿಗೆ ಏನೂ ಇರಲಿಲ್ಲ, ಮತ್ತೆ ಏದುಸಿರು ಶುರುವಾಯಿತು.

"ಸಾಕು," ಎಂದ ಅಸ್ಲಾಕ್. "ಸಾಕು, ಅಕ್ಕ. ಬಿಟ್ಬಿಡು. ಇಷ್ಟು ಹಿಂಸೆ ಕೊಟ್ಟು ಸಾಯಿಸೋದು ಬೇಡ. ನಾನು ಬಂದೂಕು ತರ್ತೀನಿ."

ಇಲ್ಲಿಯ ಕುರಿಗಾಹಿಗಳ ರೀತಿಯೇ ಅದು. ಬಂಡೆಯ ಕೆಳಗೆ ಕಾಲು ಮುರಿದುಕೊಂಡ ಕುರಿ ಸಿಕ್ಕರೆ ಅವರು ಕಾಯುವುದಿಲ್ಲ, ಅದನ್ನೇ ದಯೆ ಎನ್ನುತ್ತಾರೆ. ಅಸ್ಲಾಕ್ ಆ ಕೆಲಸ ಎಷ್ಟೋ ಸಲ ಮಾಡಿದವನು, ಪ್ರತಿ ಸಲವೂ ಆ ದಿನ ಊಟ ಬಿಟ್ಟವನು.

"ಡಾಕ್ಟರ್ ಬರ್ತಿದಾಳೆ," ಎಂದಳು ಸಿನ್ನೇವಾ.

"ಯಾವಾಗ? ಆ ಹಸು ಈದ ಮೇಲಾ? ನೋಡು ಅವಳ ಕಣ್ಣು. ನನ್ನ ನಾಯಿ ಅದು. ನನ್ನ ನಾಯಿಗೆ ಏನ್ ಮಾಡ್ಬೇಕು ಅಂತ ನಂಗೆ ಗೊತ್ತು."

"ಹೌದೌದು. ಬೇಗ ಮುಗಿಸೋದ್ರಲ್ಲಿ ನೀನು ಗಟ್ಟಿಗ. ಒಳಗೆ ಬೇರು ಜೀವಂತ ಇದೆಯಾ ಅಂತ ನೋಡೋಷ್ಟು ತಾಳ್ಮೆ ನಿಂಗೆ ಯಾವತ್ತಿತ್ತು?"

ಅವನು ಎದ್ದು ನಿಂತ. ಅವನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಿರುಗಿ ಬೇಲಿಯ ಕಡೆ ನಡೆದ. ಟೋರ್ಲೇವ್ ಅವನ ಹಿಂದೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ. ಒಂದು ಕೈಯಲ್ಲಿ ಫ್ಯಾನ್ ಇತ್ತು.

"ಅವನು ಹೋಗ್ಲಿ ಬಿಡು," ಎಂದಳು ಸಿನ್ನೇವಾ. ಅವಳ ಹಲ್ಲುಗಳು ಕಟಕಟಿಸುತ್ತಿದ್ದವು. "ಥರ್ಮಾಮೀಟರ್ ನೋಡು ನೀನು."

ಟೋರ್ಲೇವನಿಗೆ ಕನ್ನಡಕವಿಲ್ಲದೆ ಅಂಕಿ ಕಾಣಲಿಲ್ಲ. ದೂರ ಹಿಡಿದ, ಹತ್ತಿರ ಹಿಡಿದ. ಬೇಲಿಯ ಆಚೆ ಬೈಕ್ ಗುರುಗುಟ್ಟಿತು. ಸಿನ್ನೇವಾ ಕೈ ಚಾಚಿ ತಾನೇ ಅದನ್ನು ಕಣ್ಣ ಮುಂದೆ ತಂದುಕೊಂಡಳು. ನಲವತ್ತೊಂದು ಎಂಟು. ನಂಬಲಾಗದೆ ಒರೆಸಿ ಮತ್ತೆ ಇಟ್ಟು ನೋಡಿದಳು. ನಲವತ್ತೊಂದು ಆರು.

"ಅಸ್ಲಾಕ್!" ಅವಳು ಕೂಗಿದ್ದು ಆಚೆ ಗುಡ್ಡಕ್ಕೆ ಬಡಿದು ವಾಪಸು ಬಂತು. "ನಲವತ್ತೊಂದು ಆರು! ಇಳೀತಿದೆ! ಇಳೀತಿದೆ ಕಣೋ!"

ಬೈಕ್ ಮೇಲೆ ಅವನು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಕುಳಿತಿದ್ದ. ಇಳಿಜಾರಿನ ಮೇಲೆ ಅವನ ಮನೆಯ ಬಾಗಿಲು, ಗಾಬರಿಯಲ್ಲಿ ತೆರೆದೇ ಬಿಟ್ಟುಬಂದದ್ದು, ಗಾಳಿಗೆ ಬಡಿದುಕೊಳ್ಳುತ್ತಿತ್ತು. ಎಂಜಿನ್ ನಿಂತಿತು. ಅವನು ಬೇಲಿ ದಾಟಿ ಬಂದು, ತನ್ನ ಉಣ್ಣೆಯ ಅಂಗಿ ಕಳಚಿ ಅಕ್ಕನ ಹೆಗಲಿಗೆ ಹಾಕಿ, ನೀರೆತ್ತತೊಡಗಿದ.

ನಲವತ್ತೂವರೆಗೆ ಬಂತು. ಆಮೇಲೆ ನಲವತ್ತು. ಮೂವತ್ತೊಂಬತ್ತೂವರೆ ಕಂಡ ಕೂಡಲೇ ಎತ್ತಿ ಹುಲ್ಲಿನ ಮೇಲೆ ಮಲಗಿಸಿದರು. ಪೆರ್ಲಾ ಕಣ್ಣು ತೆರೆದಳು. ಅಸ್ಲಾಕ್ ಅವಳ ಮಡಚು ಕಿವಿಯ ಹಿಂದೆ ಕೈಯಿಟ್ಟು, "ಹೆದರಿಸಿಬಿಟ್ಟೆಯಲ್ಲೇ ಕಳ್ಳಿ," ಎಂದ. ಟೋರ್ಲೇವ್ ಕಾಫಿ ತರಲು ಒಳಗೆ ಹೋದ. ಮುಗಿಯಿತು ಎಂದು ಮೂವರೂ ಅಂದುಕೊಂಡರು.

ಕಾಫಿ ಬರುವಷ್ಟರಲ್ಲಿ ಮತ್ತೆ ನಲವತ್ತು ಎಂಟು.

ವಿಷ ಹೊಟ್ಟೆಯಲ್ಲೇ ಇತ್ತಲ್ಲ. ಎರಡನೇ ಸಲ ತೊಟ್ಟಿಗಿಳಿಸಿದಾಗ ಅವರಲ್ಲಿ ಯಾರಿಗೂ ಮೊದಲಿನ ಧೈರ್ಯವಿರಲಿಲ್ಲ. ಈ ಸಲ ಅಸ್ಲಾಕ್ ನೀರಿಗಿಳಿದ. ಸಿನ್ನೇವಾ ಅಂಚಿನಲ್ಲಿ ಕುಳಿತು ನೀರೆತ್ತಿದಳು. ತಣಿಸಿದರು, ತೆಗೆದರು, ಮತ್ತೆ ಏರಿತು. ಮೂರನೇ ಸಲ ಇಳಿಸುವಾಗ ಪೆರ್ಲಾ ನರಳಲೂ ಇಲ್ಲ. ಬೆಟ್ಟದ ಹಿಂದೆ ಸೂರ್ಯ ಇಳಿದು ಕಣಿವೆಯಲ್ಲಿ ನೀಲಿ ಮಬ್ಬು ತುಂಬತೊಡಗಿದಾಗ, ಕೆಳಗಿನ ತಿರುವಿನಲ್ಲಿ ಕಾರಿನ ದೀಪ ಕಂಡಿತು.

ಹಿಲ್ಡೆಗುನ್ ಇಳಿದಳು. ಮೇಲಂಗಿಯ ಮೇಲೆ ಹಸುವಿನ ರಕ್ತ ಇನ್ನೂ ಒಣಗಿರಲಿಲ್ಲ. ನಮಸ್ಕಾರ ಗಿಮಸ್ಕಾರ ಇಲ್ಲದೆ ನಾಯಿಯ ಒಸಡು ಒತ್ತಿ ನೋಡಿ, ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿದಳು. ಸ್ನಾಯು ಸಡಿಲವಾಗಲು ಒಂದು ಮದ್ದು, ಆಮೇಲೆ ತಣ್ಣಗಿನ ಡ್ರಿಪ್. ನಿಧಾನವಾಗಿ ಪೆರ್ಲಾಳ ಕಾಲುಗಳ ಬಿಗಿ ಬಿಟ್ಟಿತು.

"ಬದುಕ್ತಾಳಾ?" ಎಂದ ಅಸ್ಲಾಕ್.

"ಗೊತ್ತಿಲ್ಲ. ಇಷ್ಟು ಕಾವಿಗೆ ಸ್ನಾಯು ಬೆಂದ ಹಾಗೆ ಆಗಿರುತ್ತೆ, ಅದೆಲ್ಲ ಮೂತ್ರಪಿಂಡಕ್ಕೆ ಬಂದು ಕಟ್ಕೊಳ್ಳುತ್ತೆ. ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ನೀವು ಹಿಂದೆ ಕೂತು ಬಾಟ್ಲಿ ಎತ್ತಿ ಹಿಡೀರಿ." ಆಮೇಲೆ ತೊಟ್ಟಿಯನ್ನೂ, ನೀಲಿಗಟ್ಟಿದ ಅವರ ತುಟಿಗಳನ್ನೂ ನೋಡಿ, "ನೀವಿಬ್ರೂ ಒಣಬಟ್ಟೆ ಹಾಕ್ಕೊಳ್ಳಿ. ಇನ್ನೂ ಇಬ್ರಿಗೆ ಔಷಧಿ ಮಾಡೋಕೆ ನಾನು ಮನುಷ್ಯರ ಡಾಕ್ಟರ್ ಅಲ್ಲ," ಎಂದಳು.

ಅಸ್ಲಾಕ್ ಟೋರ್ಲೇವನ ಪ್ಯಾಂಟು ಹಾಕಿಕೊಂಡು, ಅದು ಸೊಂಟದಲ್ಲಿ ನಿಲ್ಲದೆ ಒಂದು ಕೈಯಲ್ಲಿ ಹಿಡಿದುಕೊಂಡೇ, ಕಾರು ಹತ್ತಿದ. ಹೊರಡುವಾಗ ಅಕ್ಕನ ಕಡೆ ನೋಡಲಿಲ್ಲ.

ಅಂಗಳದಲ್ಲಿ ಕ್ಯಾನುಗಳು ಹಾಗೇ ನಿಂತಿದ್ದವು. ಟೋರ್ಲೇವ್ ಒಂದರ ಮೇಲೆ ಕೈಯಿಟ್ಟು, "ತಾನೇ ಆರಿದೆ. ಏನ್ ಮಾಡೋಣ, ಚೆಲ್ಲೋಣ್ವಾ?" ಎಂದು ಕೇಳಿದ.

ಸಿನ್ನೇವಾ ಆ ವಾಸನೆಗೆ ಮುಖ ತಿರುಗಿಸಿದಳು. ಆದರೂ, "ಹೆಪ್ಪು ಹಾಕು," ಎಂದಳು. "ಕೈಗೆ ಏನಾದ್ರೂ ಕೆಲಸ ಬೇಕು." ಉಳಿದಿದ್ದ ಚರಟವನ್ನು, ಹರಿದ ಚೀಲದ ಸಮೇತ, ಒಲೆಗೆ ಹಾಕಿದಳು. ಹಸಿಯಾಗಿದ್ದರಿಂದ ಉರಿಯಲು ಬಹಳ ಹೊತ್ತು ಹಿಡಿಯಿತು.

ಮರುದಿನ ಬೆಳಗ್ಗೆ ಅವಳ ಫೋನ್ ಬಡಿದುಕೊಂಡಿತು. ಅವಳ ಫೋನೇ.

"ಇದಾಳೆ," ಎಂದ ಅಸ್ಲಾಕ್. "ಉಚ್ಚೆ ಕಾಫಿ ಬಣ್ಣಕ್ಕೆ ಬರ್ತಿದೆ. ಆದ್ರೆ ಬರ್ತಿದೆ. ಬರ್ತಾ ಇದ್ರೆ ಒಳ್ಳೇದಂತೆ."

"ಸರಿ."

"ಓಡೋ ಹಾಗಿಲ್ಲ ಅಂತೆ. ಚಳಿಗಾಲ ಪೂರ್ತಿ."

"ಕುರಿಗಳು?"

ಬೆಟ್ಟದ ಮೇಲಿನ ಹುಲ್ಲು ಮುಗಿದಿತ್ತು, ರೇಡಿಯೊದಲ್ಲಿ ಬುಧವಾರಕ್ಕೆ ಹಿಮ ಎಂದಿದ್ದರು. ಬೇರೆಯವರ ನಾಯಿಗಳಿಗೆಲ್ಲ ಅವರವರ ಬೆಟ್ಟದಲ್ಲಿ ಕೆಲಸವಿತ್ತು. "ನೋಡ್ತೀನಿ," ಎಂದು ಫೋನಿಟ್ಟ.

ಮಂಗಳವಾರ ಸಿನ್ನೇವಾ ಬಸ್ಸಿಗೆ ಬದಲಿ ಚಾಲಕನನ್ನು ಹುಡುಕಿ, ಟೋರ್ಲೇವನ ದಪ್ಪ ಬೂಟು ಹಾಕಿಕೊಂಡು, ಬೆಳಕು ಹರಿಯುವ ಮೊದಲೇ ಹೌಗೆಯ ಗೇಟಿನ ಹತ್ತಿರ ನಿಂತಳು. ಅಸ್ಲಾಕ್ ಬಂದು ನೋಡಿದ. ಗೇಟು ತೆರೆದು ಅವಳು ದಾಟುವವರೆಗೂ ಹಿಡಿದುಕೊಂಡ.

ಚಿಕ್ಕವರಿದ್ದಾಗ ಹೀಗೇ ಏರುತ್ತಿದ್ದರು, ಮನೆಯಲ್ಲಿ ನಾಯಿಯಿಲ್ಲದ ಆ ವರ್ಷಗಳಲ್ಲಿ: ಒಬ್ಬರು ತೊರೆಯ ಈಚೆ, ಒಬ್ಬರು ಆಚೆ, ಕೂಗುತ್ತ. ಈಗ ಅವಳ ಮಂಡಿ ನೋಯುತ್ತಿತ್ತು, ಅವನ ಉಸಿರು ಸೀಟಿ ಹೊಡೆಯುತ್ತಿತ್ತು. ಮೇಲಿನ ಕಲ್ಲುಗುಡ್ಡೆಯ ಹತ್ತಿರ ಮಂಜು ಮುಚ್ಚಿ, ಕುರಿಗಳ ಗಂಟೆ ಎಲ್ಲ ಕಡೆಯಿಂದಲೂ ಕೇಳುತ್ತಿತ್ತು, ಎಲ್ಲಿಯೂ ಕಾಣುತ್ತಿರಲಿಲ್ಲ. ಒಂದು ಬಂಡೆಯ ಮರೆಯಲ್ಲಿ ಕುಳಿತು ಮಂಜು ಸರಿಯಲೆಂದು ಕಾದರು. ಅವನು ರೊಟ್ಟಿಯನ್ನು ಮುರಿದು ಅರ್ಧ ಕೊಟ್ಟ.

"ಆ ಬಳ್ಳಿ," ಎಂದ, ಎದುರಿನ ಬಿಳಿ ಮಂಜನ್ನೇ ನೋಡುತ್ತ. "ಅಲ್ಲಿದೆ ಅಂತ ಗೊತ್ತಿತ್ತು. ಮರೆತು ಕಿತ್ತದ್ದಲ್ಲ."

"ಅಂದ್ರೆ?"

"ನಿನ್ನ ಕೇಳಿದ್ರೆ ಬೇಡ ಅಂತಿದ್ದೆ. ಅಪ್ಪ ಹೋದ ಮೇಲೆ ಆ ಮನೇಲಿ ಒಂದು ಮೊಳೆ ಹೊಡೀಬೇಕಾದ್ರೂ ಎಲ್ಲರೂ ನಿನ್ನ ಕೇಳು ಅಂತಿದ್ರು. ಹಕ್ಕು ಬಿಟ್ಟುಕೊಟ್ಟ ಮಹಾತಾಯಿ ನೀನು. ಒಂದಾದ್ರೂ ನಿನ್ನ ಕೇಳ್ದೆ ಮಾಡ್ಬೇಕು ಅನಿಸ್ತು. ಯಂತ್ರ ತಂದೆ, ಮೊದಲು ಅದನ್ನೇ ಎತ್ತಿದೆ."

ಅವಳು ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು. ಕ್ಷಮಿಸು ಎಂಬ ಮಾತು ಬರಬಹುದೆಂದು ಕಾದಳು, ಬರಲಿಲ್ಲ. ಅಷ್ಟು ವರ್ಷ ಅವನು ಮೈಗಳ್ಳತನದಿಂದ, ಅಸಡ್ಡೆಯಿಂದ ಕಿತ್ತ ಎಂದು ನಂಬಿದ್ದಳು. ಬೇಕೆಂದೇ ಕಿತ್ತ ಎಂದು ತಿಳಿದರೆ ಸಿಟ್ಟು ಹೆಚ್ಚಬೇಕಿತ್ತು. ಯಾಕೋ ಹಾಗಾಗಲಿಲ್ಲ. ಹೊಲಮನೆ ಕೊಟ್ಟ ಮೇಲೂ ತಾನು ಕಿಟಕಿಯಿಂದ ಮೇಲೆ ನೋಡುತ್ತಲೇ ಇದ್ದದ್ದು ನೆನಪಾಯಿತು.

"ಹೇಳ್ಬಹುದಿತ್ತು ನೀನು," ಎಂದಳು.

"ಯಾರಿಗೆ? ನಿಂಗಾ?" ಎಂದು ಅವನು ನಕ್ಕ, ಬೇಸರದ ನಗು. "ಎದ್ದೇಳು. ಮಂಜು ಸರೀತಿದೆ."

ಮಧ್ಯಾಹ್ನದವರೆಗೆ ಓಡಿದರು. ನಾಯಿಯೊಂದು ಸುಮ್ಮನೆ ಕಣ್ಣು ಬಿಟ್ಟು ಮಾಡುವ ಕೆಲಸವನ್ನು ಮನುಷ್ಯರಿಬ್ಬರು ಬಿದ್ದು, ಎದ್ದು, ಬೈದು, ಗಂಟಲು ಹರಿದುಕೊಂಡು ಮಾಡಿದರು. ತಪ್ಪಿಸಿಕೊಂಡ ಕುರಿಗಳನ್ನು ಬಂಡೆಯಂಚಿನಿಂದ ತಿರುಗಿಸುವಾಗ ಸಿನ್ನೇವಾ ಜಾರಿ, ಜುನಿಪರ್ ಪೊದೆ ಹಿಡಿದು ನಿಂತಳು. "ಅಲ್ಲಿಂದ ಬಾ ಈಚೆಗೆ! ಕುರಿ ಹೋದ್ರೆ ಹೋಗ್ಲಿ!" ಎಂದು ಅಸ್ಲಾಕ್ ಆಚೆಯಿಂದ ಚೀರಿದ. ಅವಳು ಬಂದಳು, ಕುರಿಗಳೂ ಬಂದವು. ಒಂದು ಮುದಿ ಕುರಿ, ಎರಡು ಮರಿಗಳು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಬುಧವಾರ ಹೇಳಿದಂತೆಯೇ ಹಿಮ ಬಿತ್ತು. ಅವು ಆಮೇಲೂ ಸಿಗಲಿಲ್ಲ.

ಪೆರ್ಲಾ ಒಂದು ವಾರ ಕಳೆದು ಮನೆಗೆ ಬಂದಳು. ಬದುಕಿದಳು, ಆದರೆ ಮೊದಲಿನ ಹಾಗೆ ಆಗಲಿಲ್ಲ. ಸ್ವಲ್ಪ ಓಡಿದರೆ ಸುಸ್ತಾಗಿ ಕುಳಿತುಬಿಡುತ್ತಾಳೆ. ಅಸ್ಲಾಕ್ ವಸಂತದಲ್ಲಿ ಬೇರೆ ನಾಯಿ ತರಬೇಕಾಯಿತು. ಅದಕ್ಕೆ ಕೆಲಸ ಕಲಿಸುವಾಗ ಪೆರ್ಲಾ ಬೇಲಿಯ ಹತ್ತಿರ ಮಲಗಿ, ಕಲಿಯುವವನ ತಪ್ಪುಗಳನ್ನು ನೋಡಿ ಬೊಗಳುತ್ತಾಳಂತೆ.

ಅದಕ್ಕೂ ಮೊದಲು, ಆ ವರ್ಷದ ಕ್ರಿಸ್ಮಸ್ಸಿಗೆ ಎರಡು ದಿನವಿರುವಾಗ ಅಸ್ಲಾಕ್ ಟೋರ್ಲೇವನ ಪ್ಯಾಂಟನ್ನು ಒಗೆದು ಮಡಚಿ ತಂದುಕೊಟ್ಟ. ಸಿನ್ನೇವಾ ಒಳಗೆ ಕರೆದು, ಅವನ ಮುಂದೆ ಬಿಯರ್ ಇಟ್ಟಳು. ಚೆಲ್ಲಿ, ಆರಿ, ಎಲ್ಲ ಕೆಟ್ಟ ಮೇಲೂ ಅದು ಹುದುಗಿ ಬಿಯರಾಗಿತ್ತು. ಟೋರ್ಲೇವ್ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅಸ್ಲಾಕ್ ಲೋಟ ಎತ್ತಿ ಮೂಸಿದ. ಬಹಳ ಹೊತ್ತು ಮೂಸಿದ. ಆಮೇಲೆ ಒಂದು ಗುಟುಕು ಕುಡಿದು, ಮುಖ ಕಿವುಚಿದ.

"ಕಹಿ ಜಾಸ್ತಿ ಆಯ್ತು."

"ಕುಡಿ ಸುಮ್ನೆ," ಎಂದಳು ಸಿನ್ನೇವಾ.